ಒಂದು ಹನಿಯೂ ಹೊರಹೋಗದ ಅಪಾರ್ಟ್‌ಮೆಂಟು

ಬೆಂಗಳೂರಿನ ಹೊರವಲಯದಲ್ಲಿ, ಒಳಚರಂಡಿ ಇನ್ನೂ ನಕ್ಷೆಯ ಮೇಲಷ್ಟೇ ಹರಿಯುವ ಕಡೆ, ಪ್ರತಿ ದೊಡ್ಡ ಅಪಾರ್ಟ್‌ಮೆಂಟಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ ಬೇಕು. ಜನರ ಬಾಯಲ್ಲಿ ಅದು ಸಿಎಫ್‌ಒ. ಅದನ್ನು ಪೂರ್ತಿ ಓದಿದವರು ಇಬ್ಬರೇ: ಟೈಪ್ ಮಾಡಿದವರು, ಮತ್ತು ನೋಟಿಸು ಬಂದ ರಾತ್ರಿ ನಿದ್ದೆಗೆಟ್ಟ ಅಸೋಸಿಯೇಷನ್ ಸೆಕ್ರೆಟರಿ. ಅದರಲ್ಲೊಂದು ಷರತ್ತಿದೆ. ಕೊಳಚೆ ನೀರನ್ನೆಲ್ಲ ಶುದ್ಧೀಕರಿಸಿ ಆವರಣದೊಳಗೇ ಬಳಸತಕ್ಕದ್ದು, ಒಂದು ಹನಿಯನ್ನೂ ಹೊರಬಿಡತಕ್ಕದ್ದಲ್ಲ.

ಒಳ್ಳೆಯ ಷರತ್ತೇ. ಲೆಕ್ಕ ಹಾಕುವವರೆಗೆ.

ನೂರು ಮನೆ, ಮನೆಗೆ ನಾಲ್ಕು ಜನ. ತಲೆಗೆ ದಿನಕ್ಕೆ 135 ಲೀಟರಿನಂತೆ 54,000 ಲೀಟರ್. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಎಸ್‌ಟಿಪಿಗೆ, ಅಂದರೆ ಆವರಣದೊಳಗಿನ ಕೊಳಚೆ ಶುದ್ಧೀಕರಣ ಘಟಕಕ್ಕೆ, ಬಂದರೆ 43,200. ಫ್ಲಶ್ಶಿಗೆ ತಲೆಗೆ 45 ಲೀಟರ್ ಹಿಡಿದರೆ 18,000 ಖರ್ಚು. ಉಳಿದ 25,200 ಲೀಟರ್ ತೋಟಕ್ಕೆ. ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಉಣಿಸಿದರೂ 5,000 ಚದರ ಮೀಟರ್, ಅಂದರೆ ಒಂದೂಕಾಲು ಎಕರೆ ತೋಟ ಬೇಕು. ಇರುವುದು ಕಾಂಪೌಂಡಿಗೆ ಒತ್ತಿಕೊಂಡು ನಿಂತ ಒಂದು ಸಾಲು ಅಶೋಕ ಮರ ಮತ್ತು ಗೇಟಿನ ಬಳಿ ನಾಲ್ಕು ಕ್ರೋಟನ್ ಕುಂಡ. ಇದಿನ್ನೂ ಬೇಸಿಗೆಯ ಲೆಕ್ಕ. ಸೆಪ್ಟೆಂಬರಿನ ಮಳೆಯಲ್ಲಿ ಷರತ್ತು ಪಾಲಿಸಬೇಕಾದರೆ ಕೊಡೆ ಹಿಡಿದು ಗಿಡಕ್ಕೆ ನೀರು ಹಾಯಿಸುವ ಮಾಲಿಯನ್ನೇ ನೇಮಿಸಬೇಕು.

ಹಾಗಾದರೆ ಆ 25,200 ಲೀಟರ್ ಎಲ್ಲಿಗೆ ಹೋಗುತ್ತದೆ? ಎಸ್‌ಟಿಪಿಯ ದಿನದ ಲೆಕ್ಕ ಬರೆದಿಡುವ ಲಾಗ್‌ಬುಕ್ಕಿನ ಪ್ರಕಾರ ತೋಟಕ್ಕೆ. ಗುರುತ್ವಾಕರ್ಷಣೆಯ ಪ್ರಕಾರ ರಾಜಕಾಲುವೆಗೆ, ಬೈಪಾಸ್ ವಾಲ್ವಿನ ಮೂಲಕ, ರಾತ್ರಿ ಹನ್ನೊಂದರ ಮೇಲೆ. ಬೆಳ್ಳಂದೂರು ಕೆರೆಗೆ 2015, 2017, 2018ರಲ್ಲಿ ಬೆಂಕಿ ಬಿದ್ದದ್ದು, 2018ರ ಜನವರಿಯಲ್ಲಿ ನಂದಿಸಲು ಸೈನಿಕರೇ ಬರಬೇಕಾದದ್ದು ಎಲ್ಲರಿಗೂ ಗೊತ್ತು. ಆ ಕೆರೆಗೆ ಸೇರಿದ ಕೊಳಚೆಯಲ್ಲಿ ನಗರದ ಪಾಲೇ ದೊಡ್ಡದು, ಅಪಾರ್ಟ್‌ಮೆಂಟಿನವರ ಮೇಲೆ ಪೂರ್ತಿ ಹೊರೆ ಹಾಕುವುದು ಅನ್ಯಾಯ. ಅದೇ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ಹೊರಿಸಿತು. ಲಾಗ್‌ಬುಕ್ಕುಗಳಲ್ಲಿ ಮಾತ್ರ ಆ ವರ್ಷವೂ ಎಲ್ಲಿಂದಲೂ ಒಂದು ಹನಿ ಹೊರಹೋಗಿಲ್ಲ.

ಲಾಗ್‌ಬುಕ್ಕನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪಿಎಚ್ 7.2, ಮರುದಿನ 7.2, ಅದರ ಮರುದಿನವೂ 7.2. ಮೂವತ್ತು ದಿನಕ್ಕೂ ಒಂದೇ ಪೆನ್ನು, ಒಂದೇ ಓರೆ, ಒಂದೇ ಸಹಿ. ಸಂಕ್ರಾಂತಿಗೆ ಅರ್ಧ ಅಪಾರ್ಟ್‌ಮೆಂಟು ಊರಿಗೆ ಹೋಗಿದ್ದರೂ ಒಳಬಂದದ್ದು 43,200 ಲೀಟರ್, ಹೊರಬಂದದ್ದು ಅಷ್ಟೇ. ಹಬ್ಬಕ್ಕೂ ರಜೆ ಹಾಕದ ಕೊಳಚೆ! ಇನ್ನೊಂದು ಕಾಲಂ ಇದೆ, ಕೆಸರಿನದು. ಅದು ಖಾಲಿ. ದಿನಕ್ಕೆ 43,000 ಲೀಟರ್ ನಿಜವಾಗಿ ಶುದ್ಧವಾಗುತ್ತಿದ್ದರೆ, ಒಣ ಲೆಕ್ಕದಲ್ಲಿ ಎರಡು ಮೂರು ಕಿಲೋ ಕೆಸರು ಬರಲೇಬೇಕು. ತಿಂಗಳಾನುಗಟ್ಟಲೆ ಕೆಸರು ತೆಗೆದಿಲ್ಲ ಎಂದರೆ ಅದು ನೀರಿನ ಜೊತೆಯೇ ಹೋಗಿದೆ, ಇಲ್ಲವೇ ಹುಟ್ಟಿಯೇ ಇಲ್ಲ. ಕೆಸರು ಹಿಂಡುವ ಫಿಲ್ಟರ್ ಪ್ರೆಸ್ಸನ್ನು ನೋಡಿದರೂ ಸಾಕು. ಅದರ ಬಟ್ಟೆ ಪ್ಲಾಸ್ಟಿಕ್ ಚೀಲದಿಂದ ಇನ್ನೂ ಹೊರಬಂದಿಲ್ಲ, ಪ್ರೆಸ್ಸಿನ ಮೇಲೆ ಸೆಕ್ಯುರಿಟಿಯವರ ಯೂನಿಫಾರ್ಮು ಒಣಗುತ್ತಿದೆ.

ಕೆಸರೆಂದರೆ ಬಹುಪಾಲು ಕೊಳೆ ತಿಂದು ಬೆಳೆದ ಬ್ಯಾಕ್ಟೀರಿಯಾ. ಅದು ಹುಟ್ಟದಿರಲು ಕಾರಣ ಕರೆಂಟ್ ಬಿಲ್ಲು. ಟ್ಯಾಂಕಿಗೆ ಗಾಳಿ ಊದುವ 5 ಎಚ್‌ಪಿ ಬ್ಲೋವರ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ 90 ಯೂನಿಟ್ ಹತ್ತಿರ. ಜನರಲ್ ಬಾಡಿಯಲ್ಲಿ ಮೆಂಟೆನೆನ್ಸ್ ಇಳಿಸುವ ಮಾತು ಬಂದಾಗ ಎಲ್ಲರ ಕಣ್ಣೂ ಅದರ ಮೇಲೆ. ರಾತ್ರಿ ಆಫ್ ಮಾಡಿ ಅನ್ನುತ್ತಾರೆ. ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾಗಳಿಗೆ ಲೀಟರಿಗೆ 2 ಮಿಲಿಗ್ರಾಂನಷ್ಟು ಆಮ್ಲಜನಕ ಸದಾ ಬೇಕು, ಅವು ನಿರ್ಣಯಕ್ಕೆ ಕೈಯೆತ್ತಿಲ್ಲ. ಗಾಳಿ ನಿಂತ ಗಂಟೆಯೊಳಗೆ ಉಸಿರು ಕಟ್ಟುತ್ತದೆ. ದಿನ ದಿನವೂ ಹೀಗೇ ಆದರೆ ಕಂದು ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ನಾತ ಲಿಫ್ಟ್ ಹತ್ತಿ ಐದನೇ ಮಹಡಿಗೆ ಬರುತ್ತದೆ. ಆಗ ಅಸೋಸಿಯೇಷನ್ನಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಪರೇಟರನ್ನು ಬದಲಿಸುವ ನಿರ್ಧಾರವಾಗುತ್ತದೆ. ಒಂದು ಲೀಟರಿನ ಅಳತೆ ಸಿಲಿಂಡರಿನಲ್ಲಿ ಟ್ಯಾಂಕಿನ ನೀರು ತುಂಬಿ ಅರ್ಧ ಗಂಟೆ ಬಿಟ್ಟು, ಕೆಸರು 300 ಮಿಲೀ ಆಸುಪಾಸು ಕೂತಿದೆಯೇ ನೋಡಿದರೆ ಪ್ಲಾಂಟಿನ ಆರೋಗ್ಯ ಅಲ್ಲೇ ತಿಳಿಯುತ್ತದೆ, ಖರ್ಚು ಸೊನ್ನೆ. ಆ ಸಿಲಿಂಡರಿನಲ್ಲಿ ಸದ್ಯಕ್ಕೆ ಪೆನ್ನುಗಳಿವೆ.

ಇಷ್ಟಾದರೂ ಲ್ಯಾಬ್ ರಿಪೋರ್ಟು ಬಂಗಾರದಂತೆ ಬರುತ್ತದೆ. ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಅಳತೆಯೇ ಬಿಒಡಿ, ಕೊಳೆ ಹೆಚ್ಚಿದಷ್ಟೂ ಅದೂ ಹೆಚ್ಚು. ಮಿತಿ ಲೀಟರಿಗೆ 10 ಮಿಲಿಗ್ರಾಂ, ವರದಿ 9.2. ಇದರಲ್ಲಿ ಕೈಚಳಕಕ್ಕಿಂತ ರಸಾಯನಶಾಸ್ತ್ರ ಹೆಚ್ಚು. ಸ್ಯಾಂಪಲ್ಲನ್ನು 4 ಡಿಗ್ರಿಯೊಳಗೆ ಐಸಿನಲ್ಲಿಟ್ಟು ಒಯ್ಯಬೇಕು. ಐಸಿಲ್ಲದೆ ಡಿಕ್ಕಿಯಲ್ಲಿಟ್ಟರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾ ದಾರಿಯುದ್ದಕ್ಕೂ ಕೊಳೆ ತಿನ್ನುತ್ತ ಬಂದು ಬಿಒಡಿ ತಾನೇ ಇಳಿಯುತ್ತದೆ. ಎಸ್‌ಟಿಪಿ ಮಾಡದ ಕೆಲಸವನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಜಾಮು ಒಂದಿಷ್ಟು ಮಾಡಿಕೊಡುತ್ತದೆ. ಇನ್ನೂ ಸುಲಭದ ದಾರಿ, ಸ್ಯಾಂಪಲ್ ತೆಗೆಯುವ ಬೆಳಿಗ್ಗೆ ಒಂದು ಕ್ಯಾನು ಹೈಪೋ, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಿನ್ ದ್ರಾವಣ, ಸುರಿಯುವುದು. ಲ್ಯಾಬಿನವರು ಕ್ಲೋರಿನ್ ಕಳೆದು, ಹೊಸ ಬ್ಯಾಕ್ಟೀರಿಯಾ ಸೇರಿಸಿ ಪರೀಕ್ಷಿಸದಿದ್ದರೆ ತಿನ್ನುವವರೇ ಇಲ್ಲದೆ ಬಿಒಡಿ ನೆಲ ಕಚ್ಚುತ್ತದೆ. ಕಾನೂನಿನ ಸ್ಯಾಂಪಲ್ ಬೇರೆ. 1974ರ ಜಲ ಕಾಯ್ದೆಯ 21ನೇ ಕಲಮಿನಲ್ಲಿ ಸ್ಥಳದಲ್ಲೇ ನೋಟಿಸು, ಎರಡು ಪಾಲು, ಸೀಲು, ಎರಡೂ ಕಡೆಯವರ ಸಹಿ ಎಲ್ಲ ಇದೆ. ಮಿನರಲ್ ವಾಟರ್ ಬಾಟಲಿ ತೊಳೆದು ತುಂಬಿಕೊಡುವುದು ಅದರಲ್ಲಿಲ್ಲ.

ಅದೇ ಕಾಯ್ದೆಯ 25(7)ನೇ ಕಲಂ ಬರೆದವರಿಗೆ ಸಂಸ್ಕೃತ ಬರುತ್ತಿತ್ತೆಂದು ಕಾಣುತ್ತದೆ. ಅರ್ಜಿ ಕೊಟ್ಟ ನಾಲ್ಕು ತಿಂಗಳೊಳಗೆ ಮಂಡಳಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ ಎಂದಾದರೆ ಸಮ್ಮತಿ ಸಿಕ್ಕಂತೆಯೇ, ಅದೂ ಷರತ್ತೇ ಇಲ್ಲದೆ. ಮೌನಂ ಸಮ್ಮತಿ ಲಕ್ಷಣಂ.

2024ರ ನೀರಿನ ಬರದಲ್ಲಿ ಸರ್ಕಾರಕ್ಕೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಶುದ್ಧೀಕರಿಸಿದ ನೀರಿನಲ್ಲಿ ಅರ್ಧವನ್ನು ಅಪಾರ್ಟ್‌ಮೆಂಟಿನವರು ಮಾರಬಹುದು ಎಂದಿತು. ನಿನ್ನೆಯವರೆಗೆ ಗೇಟು ದಾಟಿದರೆ ಅಪರಾಧವಾಗಿದ್ದ ನೀರು ಟ್ಯಾಂಕರ್ ಹತ್ತಿದರೆ ಸರಕು. ನಮ್ಮ ಲೆಕ್ಕದಲ್ಲಿ 21,600 ಲೀಟರ್ ಹೋದರೆ ಉಳಿಯುವುದು 3,600, ಸಣ್ಣ ತೋಟವೂ ಕುಡಿದೀತು. ಕಾಗದದ ಮೇಲೆ ಷರತ್ತಿಗೂ ಲೆಕ್ಕಕ್ಕೂ ಮೊದಲ ಸಲ ತಾಳೆಯಾಯಿತು. ತೊಡಕು ಒಂದೇ. ಕಟ್ಟಡ ಕೆಲಸಕ್ಕೆ ನೀರು ಕೊಳ್ಳಲು ಬರುವ ಮೇಸ್ತ್ರಿ ಲಾಗ್‌ಬುಕ್ ಕೇಳುವುದಿಲ್ಲ, 9.2ರ ರಿಪೋರ್ಟನ್ನೂ ಓದುವುದಿಲ್ಲ. ಮುಚ್ಚಳ ತೆಗೆಸಿ ಮೂಸುತ್ತಾನೆ.