ಬೆಳಕು ಹೊರಟಿದೆ, ಕಾಯುತ್ತಿರಿ

ಗಾಜಿನೆಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ತಾಲೂಕು ಕೇಂದ್ರದಿಂದ ಮಲೆನಾಡಿನ ನಮ್ಮೂರಿಗೆ 20 ಕಿಲೋಮೀಟರ್. ಒಂದು ಸೆಕೆಂಡನ್ನು ಹತ್ತು ಸಾವಿರ ಚೂರು ಮಾಡಿದರೆ ಅದರಲ್ಲೊಂದು ಚೂರು ಸಾಕು, ಬೆಳಕು ಬಂದು ಬಾಗಿಲು ತಟ್ಟಬೇಕು. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಇಂಟರ್ನೆಟ್ ಕೊಡಲು ಈ ಗಾಜಿನೆಳೆಯನ್ನು, ಅಂದರೆ ಫೈಬರನ್ನು, ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರ ಅಕ್ಟೋಬರಿನಲ್ಲಿ. ಆವತ್ತು ಹೊರಟ ಬೆಳಕು ಘಾಟಿಯಲ್ಲೆಲ್ಲೋ ಚಾ ಕುಡಿಯಲು ನಿಂತಿರಬೇಕು.

ಶುರುವಿನಲ್ಲಿ ಅದರ ಹೆಸರು ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್. ಎರಡು ವರ್ಷದಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. 2015ರಲ್ಲಿ ಅದು ಭಾರತ್‌ನೆಟ್ ಆಯಿತು. ಅದಕ್ಕೆಂದೇ ಹುಟ್ಟಿಸಿದ ಕಂಪನಿಯನ್ನು ಬಿಎಸ್‌ಎನ್‌ಎಲ್ ಜತೆ ವಿಲೀನ ಮಾಡಲು 2022ರಲ್ಲಿ ಸಂಪುಟ ಒಪ್ಪಿತು. ಹಳ್ಳಿಗಾಡಿನ ದೂರಸಂಪರ್ಕಕ್ಕೆಂದು ಇದ್ದ, ಯೋಜನೆಗೆ ದುಡ್ಡು ಬರುತ್ತಿದ್ದ ಯುಎಸ್‌ಒ ನಿಧಿಯೂ ಡಿಜಿಟಲ್ ಭಾರತ ನಿಧಿ ಎಂದು ಮರುನಾಮಕರಣಗೊಂಡಿತು. ನಡುವೆ 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಮಂಜೂರಾಯಿತು. ಮದುವೆ ಕೂಡಿಬರದ ಹುಡುಗನ ಹೆಸರಿಗೆ ಒಂದಕ್ಷರ ಜಾಸ್ತಿ ಸೇರಿಸಿ ನೋಡುವ ಪದ್ಧತಿ ನಮ್ಮ ಮನೆಗಳಲ್ಲೂ ಇದೆ. ದಿಲ್ಲಿಯವರನ್ನು ಆಡಿಕೊಳ್ಳುವ ಹಾಗಿಲ್ಲ.

ಲೆಕ್ಕಕ್ಕೆ ನಮ್ಮ ಪಂಚಾಯ್ತಿಗೆ ಫೈಬರ್ ಬಂದಿದೆ. ಪಿಡಿಒ ಕೂರುವ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ. ಪೆಟ್ಟಿಗೆಯ ಮೇಲೆ ಜಾತ್ರೆಯ ಆಮಂತ್ರಣಪತ್ರಗಳ ಕಟ್ಟು, ಅದರ ಮೇಲೊಂದು ಖಾಲಿ ಫ್ಲಾಸ್ಕ್. ಸೂರಿನ ಮೇಲಿನ ಸೋಲಾರ್ ಫಲಕಕ್ಕೆ ಎರಡು ಮಳೆಗಾಲದ ಪಾಚಿ. ಬೀಗದ ಕೈ ಗುತ್ತಿಗೆದಾರರ ಹತ್ತಿರ ಇದೆಯಂತೆ. ಗುತ್ತಿಗೆದಾರರಿಗೆ ಫೋನು ಮಾಡಿದರೆ, ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳುತ್ತದೆ. ಫೋನು ಮಾಡಿದವರೂ ಹೊರಗೇ ಇರುವುದರಿಂದ ಆ ದನಿ ಕೇಳುವುದಕ್ಕೂ ಅಂಗಳ ದಾಟಿ ರಸ್ತೆಯ ತಿರುವಿಗೆ ಹೋಗಬೇಕು. ಜಾತಿ ಪ್ರಮಾಣಪತ್ರಕ್ಕೋ ಖಾತೆ ನಕಲಿಗೋ ಬಂದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಮೇಲಿನವರ ಪಟ್ಟಿಯಲ್ಲಿ ಮಾತ್ರ ನಮ್ಮ ಪಂಚಾಯ್ತಿ ಹಸಿರು ಬಣ್ಣದಲ್ಲಿದೆ. ಕೇಬಲ್ ಹೂತಿದ್ದಕ್ಕೆ ಲೆಕ್ಕವಿದೆ, ಅಳತೆಯಿದೆ, ಬಿಲ್ಲಿದೆ. ಅದರೊಳಗೆ ಬೆಳಕು ಹರಿಯಿತೇ ಎನ್ನುವುದಕ್ಕೆ ಕಾಲಂ ಇಲ್ಲ.

ಸರ್ಕಾರದ್ದು ಬಿಡಿ, ಖಾಸಗಿಯವರನ್ನು ಕೇಳೋಣ ಎಂದು ಯಾರಿಗಾದರೂ ಅನಿಸಿದರೆ ಅವರಿಗಾಗಿ ಪಿನ್‌ಕೋಡ್ ಎಂಬ ಸೋಜಿಗ ಕಾಯುತ್ತಿರುತ್ತದೆ. ಕಂಪನಿಯ ಆ್ಯಪಿನಲ್ಲಿ ಆರು ಅಂಕಿ ಹಾಕಿದ ಕೂಡಲೇ ಬಣ್ಣದ ಕಾಗದದ ಚೂರುಗಳು ಉದುರಿ ‘ಅಭಿನಂದನೆಗಳು! ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯ’ ಎಂದು ಬರುತ್ತದೆ. ನಮ್ಮ ಪಿನ್‌ಕೋಡಿನಲ್ಲಿ ಒಂದು ಪೇಟೆ, ಎರಡು ಹೊಳೆ, ಒಂದಿಷ್ಟು ಕಾಡಾನೆ ಓಡಾಡುವ ಗುಡ್ಡ ಎಲ್ಲ ಸೇರಿವೆ. ಮುಂಗಡ ಕಟ್ಟಿಸಿಕೊಂಡ ಮೇಲೆ ಹುಡುಗನೊಬ್ಬ ಬೈಕಿನಲ್ಲಿ ಬಂದು ನಮ್ಮ ತೋಟ ನೋಡಿದ, ಗುಡ್ಡ ನೋಡಿದ, ನನ್ನ ಮುಖ ನೋಡಿದ. ‘ಫೀಜಿಬಲ್ ಇಲ್ಲ ಸಾರ್’ ಎಂದ. ಮುಂಗಡ ವಾಪಸು ಬೇಕಾದರೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಅಂದ. ಮಜ್ಜಿಗೆ ಕುಡಿದು ಹೋದ. ಪಾಪ, ಅವನ ತಪ್ಪೇನಿಲ್ಲ.

ಆನ್‌ಲೈನ್ ಅರ್ಜಿಗೆ ಒಟಿಪಿ ಬರಬೇಕು. ಒಟಿಪಿ ಬರುವುದು ಗುಡ್ಡದ ನೆತ್ತಿಯ ಹೆಬ್ಬಲಸಿನ ಮರದ ಬುಡಕ್ಕೆ. ಅದಕ್ಕೆ ಬರುವ ಜಾಗ ಗೊತ್ತಿದೆ. ಅರ್ಜಿಯ ಪುಟ ತೆರೆದಿರುವುದು ಮನೆಯ ಜಗಲಿಯ ಕಂಪ್ಯೂಟರಿನಲ್ಲಿ. ಅಲ್ಲಿ ಕೆಳಗೆ ಬೀಳುವಷ್ಟು ಬಗ್ಗಿ ಕೂತರೆ ಒಂದು ಗೀಟು ಸಿಗ್ನಲ್ ಸಿಗುತ್ತದೆ. ಕೆಲವೇ ನಿಮಿಷದಲ್ಲಿ ಸಾಯುವ ಆರಂಕಿಯನ್ನು ಹಿಡಿದುಕೊಂಡು, ಉಂಬಳ ಕಚ್ಚಿಸಿಕೊಂಡು ಗುಡ್ಡ ಇಳಿದು ಬರುವುದನ್ನು ಒಲಿಂಪಿಕ್ಸಿಗೆ ಸೇರಿಸಿದರೆ ಮಲೆನಾಡಿಗೆ ಚಿನ್ನ ಖಂಡಿತ. ಅಂತೂ ಅರ್ಜಿ ದಾಖಲಾಯಿತು. ‘ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ. ತೃಪ್ತಿಯಿಲ್ಲದಿದ್ದರೆ ಈ ಲಿಂಕ್ ಒತ್ತಿ’ ಎಂಬ ಸಂದೇಶವೂ ಬಂತು. ಎಲ್ಲಿಗೆ ಎಂದರೆ, ಹೆಬ್ಬಲಸಿನ ಬುಡಕ್ಕೆ.

ಇನ್ನು ಜೆಸಿಬಿ ವಿಷಯ. ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲಿ, ಗಾಜು ಸಾಕಷ್ಟು ಶುದ್ಧವಾಗಿದ್ದರೆ ಬೆಳಕನ್ನು ಬಹುದೂರ ಕಳಿಸಬಹುದು ಎಂದು ತೋರಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಗಾಜಿನಲ್ಲಿ ಬೆಳಕು ಏನೇನು ಕಾರಣಕ್ಕೆ ಸೋರಿಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕದಲ್ಲಿ ಜೆಸಿಬಿ ಇರಲಿಲ್ಲ.

ನಮ್ಮೂರ ರಸ್ತೆಯ ಎಡಬದಿಯ ಒಂದೂವರೆ ಅಡಿ ಜಾಗ ಸಕಲ ಇಲಾಖೆಗಳ ಆಡುಂಬೊಲ. ಅಲ್ಲಿ ಮೊದಲು ಟೆಲಿಫೋನಿನ ತಾಮ್ರದ ತಂತಿ ಹೂತರು. ಅದು ಸತ್ತ ಮೇಲೆ ಫೈಬರ್ ಹೂತರು. ಆಮೇಲೆ ಮನೆಮನೆಗೆ ನಲ್ಲಿ ನೀರು ಕೊಡುವ ಪೈಪು ಬಂತು. ಆ ಪೈಪಿಗೆ ಅಗೆಯುವಾಗ ಫೈಬರ್ ತುಂಡಾಯಿತು. ರಸ್ತೆ ಅಗಲ ಮಾಡುವವರು ಬಂದಾಗ ಪೈಪೂ ತುಂಡಾಯಿತು. ನಷ್ಟ ಏನೂ ಆಗಲಿಲ್ಲ ಎನ್ನಬೇಕು: ನೆಟ್ಟಿಲ್ಲದ ಕೇಬಲನ್ನು ನೀರಿಲ್ಲದ ಪೈಪು ಕಡಿಯಿತು, ನೀರಿಲ್ಲದ ಪೈಪನ್ನು ಡಾಂಬರಿಲ್ಲದ ರಸ್ತೆ ಕಡಿಯಿತು. ಮೂವರ ಬಿಲ್ಲೂ ಪಾಸಾಯಿತು.

ಇಂಥದ್ದು ಆಗಬಾರದೆಂದೇ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಪ್ರಧಾನಿಯವರೇ ಬಿಡುಗಡೆ ಮಾಡಿದ್ದಾರೆ. ಅಗೆಯುವವರು ಮೊದಲು ಆ್ಯಪಿನಲ್ಲಿ ತಿಳಿಸಬೇಕು. ಅಲ್ಲಿ ಕೇಬಲ್ ಹೂತವರಿಗೆ ಸುದ್ದಿ ಹೋಗಬೇಕು, ಇಬ್ಬರೂ ಮಾತಾಡಿಕೊಂಡು ಅಗೆಯಬೇಕು. ಒಳ್ಳೆಯ ಯೋಚನೆಯೇ, ಕುಹಕವಾಡುತ್ತಿಲ್ಲ. ಆದರೆ ಆ್ಯಪ್ ತೆರೆಯಲು ನೆಟ್‌ವರ್ಕ್ ಬೇಕು. ನಮ್ಮಲ್ಲಿ ನೆಟ್‌ವರ್ಕ್ ಇಲ್ಲ. ಯಾಕಿಲ್ಲ ಅಂದರೆ ಕೇಬಲ್ ತುಂಡಾಗಿದೆ. ಯಾಕೆ ತುಂಡಾಗಿದೆ ಅಂದರೆ ಕೇಳದೆ ಅಗೆದಿದ್ದಾರೆ. ಯಾಕೆ ಕೇಳಲಿಲ್ಲ ಅಂದರೆ ಆ್ಯಪ್ ತೆರೆಯಲಿಲ್ಲ.

‘ಅಲ್ಲ ಮಾರಾಯಾ, ಕೇಬಲ್ ಇದೆ ಅಂತ ಕಲ್ಲು ನೆಟ್ಟಿದ್ದಾರಲ್ಲ, ಅದಾದರೂ ಕಾಣ್ಲಿಲ್ವಾ?’ ಎಂದು ಜೆಸಿಬಿಯ ಹುಡುಗನನ್ನು ಕೇಳಿದೆ.

‘ಕಂಡಿತ್ತು ಸಾರ್. ಕಲ್ಲು ಇದ್ದ ಕಡೆ ಮೊದಲೇ ಒಂದ್ಸಲ ಅಗೆದಿರ್ತಾರೆ, ಮಣ್ಣು ಸಡಿಲ ಇರುತ್ತೆ. ಡೀಸೆಲ್ ಉಳಿಯುತ್ತೆ.’

ಇಷ್ಟೆಲ್ಲದರ ನಡುವೆಯೂ ಊರಿನ ಐದಾರು ಮನೆಗೆ ಸಂಪರ್ಕ ಬಂದಿದೆ ಎಂದರೆ ಅದು ಟಿವಿ ಕೇಬಲ್ಲಿನವರ ಪುಣ್ಯ. ಅವರು ನೆಲದ ಸಹವಾಸಕ್ಕೇ ಹೋಗಲಿಲ್ಲ. ಕರೆಂಟು ಕಂಬದಿಂದ ಹಲಸಿನ ಮರಕ್ಕೆ, ಅಲ್ಲಿಂದ ಅಡಿಕೆ ಮರಗಳ ಸಾಲು ಹಿಡಿದು ಕಪ್ಪು ತಂತಿ ಎಳೆದು ತಂದರು. ಕಂಬಕ್ಕೆ ಕಟ್ಟಲು ಅನುಮತಿ ಇದೆಯೋ ಇಲ್ಲವೋ ಕೇಳಬಾರದು. ಕೇಳಿದರೆ ಇದ್ದ ಐದಾರೂ ಹೋಗುತ್ತವೆ. ಒಂದು ದಿನ ಮುಸಿಯಗಳ ಹಿಂಡು ಆ ತಂತಿಯನ್ನು ಉಯ್ಯಾಲೆ ಮಾಡಿಕೊಂಡು ಹರಿದು ಹಾಕಿದಾಗ ರಿಪೇರಿ ನೋಡಿದೆ. ಮಳೆ ಹನಿಯುತ್ತಿತ್ತು. ಒಬ್ಬ ಕೊಡೆ ಹಿಡಿದ, ಇನ್ನೊಬ್ಬ ಜೀಪಿನ ಬಾನೆಟ್ಟಿನ ಮೇಲೆ ಸ್ಪ್ಲೈಸಿಂಗ್ ಮಷಿನ್ ಇಟ್ಟ. ತಂತಿಯ ಕಪ್ಪು ಸಿಪ್ಪೆ ಸುಲಿದ, ಒಳಗಿನ ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ, ತುದಿಯನ್ನು ನೇರವಾಗಿ ಕತ್ತರಿಸಿದ. ಬೆಳಕು ಓಡುವ ದಾರಿ ಆ ಎಳೆಯ ನಟ್ಟನಡುವೆ, ಅಗಲ 9 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಚೂರು ಮಾಡಿದರೆ ಅದರಲ್ಲಿ ಒಂಬತ್ತು ಚೂರು. ಅಂಥ ಎರಡು ತುದಿಗಳನ್ನು ಮಷಿನ್ ಎದುರುಬದುರು ತಂದು ಕಿಡಿ ಹಾರಿಸಿ ಬೆಸೆಯಿತು. ‘ಲಾಸ್ ಸೊನ್ನೆ ಪಾಯಿಂಟ್ ಸೊನ್ನೆ ಎರಡು’ ಎಂದು ಪರದೆ ತೋರಿಸಿತು, ಅಂದರೆ ಬೆಸುಗೆಯಲ್ಲಿ ಬೆಳಕು ಸೋರುವುದು ಇಲ್ಲವೆನ್ನುವಷ್ಟು ಕಡಿಮೆ. ಎಸ್ಸೆಸ್ಸೆಲ್ಸಿ ಮುಗಿಸದ ಹುಡುಗ ಮೈಕ್ರಾನಿನ ಲೆಕ್ಕದಲ್ಲಿ ಗೆದ್ದ. ಇಂಜಿನಿಯರುಗಳು ಕೂತ ಇಲಾಖೆಗಳು ಒಂದೂವರೆ ಅಡಿಯ ಲೆಕ್ಕದಲ್ಲಿ ಸೋತವು.

ಹುಡುಗ ಮಷಿನ್ ಒಳಗಿಟ್ಟು, ‘ನೋಡಿ ಸಾರ್, ಈಗ ಕೆಂಪು ದೀಪ ಹೋಗಿ ಹಸಿರು ಬಂದಿರುತ್ತೆ’ ಎಂದ. ಮನೆಗೆ ಬಂದರೆ ಯಾವ ದೀಪವೂ ಇಲ್ಲ, ಕರೆಂಟು ಹೋಗಿತ್ತು.

ಕೊಡೆ ಎಂದಾಗ ನೆನಪಾಯಿತು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಓಡಾಡಿತು. ಎಲ್ಲರೂ ಅಪ್ಪನ ಪ್ರೀತಿಯನ್ನು ಕೊಂಡಾಡಿದರು, ಮಗಳ ಛಲಕ್ಕೆ ಕೈಮುಗಿದರು. ಅವಳು ರಸ್ತೆಗೆ ಬಂದು ಕೂತದ್ದೇಕೆ ಎಂಬ ಅಧಿಕಪ್ರಸಂಗವನ್ನು ಹೆಚ್ಚು ಜನ ಮಾಡಲಿಲ್ಲ. ಅದೇ ವರ್ಷ ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಫಲಕ ಎದ್ದವು. ಆಮೇಲೆ ಚುನಾವಣೆ ಬಂತು. ಭರವಸೆಗಳಿಗೆ ಯಾವ ಟವರೂ ಬೇಕಿಲ್ಲ, ಎಲ್ಲ ಮನೆಗೂ ಪೂರ್ತಿ ಗೀಟಿನಲ್ಲಿ ತಲುಪಿದವು.

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ. ಪರಿಷ್ಕೃತ ಯೋಜನೆಯಲ್ಲಿ ಕೇಬಲನ್ನು ಉಂಗುರದಂತೆ ಎಳೆಯುತ್ತಾರೆ, ಒಂದು ಕಡೆ ತುಂಡಾದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರಲಿ ಎಂದು. ಅಂದರೆ ಇನ್ನು ಮೇಲೆ ಎರಡು ಜೆಸಿಬಿ ಬೇಕು. ಪಂಚಾಯ್ತಿ ಕೇಂದ್ರ ಬಿಟ್ಟು ಒಳಗಿನ ಹಳ್ಳಿಗಳಿಗೂ ಬೇಡಿಕೆ ಇದ್ದಲ್ಲಿ ಸಂಪರ್ಕ ಕೊಡುತ್ತಾರಂತೆ. ಸುದ್ದಿ ಕೇಳಿ ನಾವೆಲ್ಲ ಬೇಡಿಕೆಯ ಪತ್ರಕ್ಕೆ ಸಾಲಾಗಿ ಸಹಿ ಹಾಕಿ ಕೊಟ್ಟೆವು. ಕೆಲ ದಿನಗಳಲ್ಲೇ ಸರ್ವೆಗೆ ಒಬ್ಬರು ಬಂದರು, ಇದು ನಿಜಕ್ಕೂ ದಾಖಲೆಯ ವೇಗ. ಕಷಾಯ ಕುಡಿದರು. ಮನೆಯೆದುರು ನನ್ನನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದರು. ಇಲ್ಲಿ ನೆಟ್‌ವರ್ಕ್ ಇಲ್ಲ ಎಂಬುದನ್ನು ಫೋಟೊ ಸಮೇತ ಈ ಜಾಗದಿಂದಲೇ ಅಪ್‌ಲೋಡ್ ಮಾಡಬೇಕು ಎಂದರು. ಅಂಗಳದಲ್ಲಿ ಫೋನೆತ್ತಿ ಹಿಡಿದು ಒಂದು ಸುತ್ತು ಹೊಡೆದರು, ಕೊಟ್ಟಿಗೆಯ ಹಿಂದೆ ಹೋಗಿ ಬಂದರು. ಚಕ್ರ ತಿರುಗುತ್ತಲೇ ಇತ್ತು.

‘ತೊಂದರೆ ಇಲ್ಲ ಮೇಷ್ಟ್ರೇ, ಪೇಟೆಗೆ ಹೋಗಿ ಹಾಕ್ತೇನೆ’ ಎಂದರು.

ಮಾತಿಗೆ ತಪ್ಪಲಿಲ್ಲ, ಸಂಜೆಯೇ ಹಾಕಿದರು. ಅಪ್‌ಲೋಡ್ ಆದ ಜಾಗವನ್ನೇ ಆ್ಯಪ್ ನಮ್ಮ ಮನೆಯ ಜಾಗವೆಂದು ಹಿಡಿದುಕೊಂಡಿತು. ಹೀಗಾಗಿ ಸರ್ಕಾರದ ನಕ್ಷೆಯಲ್ಲಿ ಈಗ ನಮ್ಮ ಮನೆ, ಅಡಿಕೆ ತೋಟ, ಕೊಟ್ಟಿಗೆ ಎಲ್ಲವೂ ತಾಲೂಕು ಬಸ್ ನಿಲ್ದಾಣದ ಎದುರಿನ ಹೋಟೆಲಿನ ಮೇಲಿವೆ. ಅಲ್ಲಿ ನಾಲ್ಕು ಕಂಪನಿಯ ಸಿಗ್ನಲ್ಲೂ ಚೆನ್ನಾಗಿ ಸಿಗುತ್ತದೆ. ‘ಅರ್ಜಿದಾರರಿಗೆ ಸಂಪರ್ಕದ ಅವಶ್ಯಕತೆ ಕಂಡುಬಂದಿಲ್ಲ’ ಎಂದು ಷರಾ ಬರೆದು ಕಡತ ಮುಗಿಸಿದ್ದಾರೆ. ಆಕ್ಷೇಪಣೆ ಇದ್ದರೆ ಆನ್‌ಲೈನಿನಲ್ಲಿ ಸಲ್ಲಿಸಬಹುದಂತೆ.