ದೋಣಿ ಬಾಡಿಗೆ ಎಷ್ಟು ಗುರುವೇ?

ನಿನ್ನೆ ಭಾನುವಾರದ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸ್ತಾ ಕೂತಲ್ಲೇ ಕಥೆ ಆಡೋ ಆಟ) ಸೆಷನ್ ಮುಗಿಸಿ ಬಂದಾಗಿಂದ ತಲೆ ಸಿಡೀತಿದೆ. ಇಲ್ಲಿ ಕಕ್ಕಿದ್ರೆ ಹಗುರಾಗಬಹುದು.

ತ್ಯಾಗರಾಜನಗರದ ನಮ್ಮ ಗ್ಯಾಂಗು, ಮಹಡಿ ಮೇಲಿನ ರೂಮು, ಇಪ್ಪತ್ತು ಮುಖದ ಡೈಸು, ಇದೆಲ್ಲ ನಿಮಗೆ ಗೊತ್ತಿರೋದೇ. ನಮ್ಮ ಡಿಎಂ (ಡಂಜನ್ ಮಾಸ್ಟರ್, ಅಂದ್ರೆ ಕಥೆ ನಡೆಸೋರು) ಸಾಹೇಬರು ಎರಡು ವರ್ಷ ಕೂತು ಸ್ವಂತ ಲೋಕ ಒಂದನ್ನ ಸೃಷ್ಟಿಸಿ, 212 ಪುಟ ಬರೆದು, ಸ್ಪೈರಲ್ ಬೈಂಡ್ ಮಾಡಿಸಿ ತಂದಿದ್ರು. ಅದೂ ಕನ್ನಡದಲ್ಲಿ. ಕೈಗೆ ತಗೊಂಡಾಗ ಖುಷಿಯಾಯ್ತು, ಸುಳ್ಳು ಹೇಳಲ್ಲ.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ನಮ್ಮ ತಂಡ ಒಂದು ಹೊಳೆ ದಡಕ್ಕೆ ಬಂತು. "ಅಂಬಿಗನಿಗೆ ಎಷ್ಟು ಕೊಡಬೇಕು?" ಅಂತ ಕೇಳಿದೆ. ಅಷ್ಟೇ ನಾನು ಮಾಡಿದ ತಪ್ಪು. ಸಾಹೇಬರು ಪುಸ್ತಕ ತೆರೆದ್ರು. ಮೊದಲ ಅಧ್ಯಾಯ, ಶೂನ್ಯದಿಂದ ಮೊಟ್ಟೆ, ಮೊಟ್ಟೆಯಿಂದ ದೇವತೆಗಳು. ಎರಡನೇದು ಆ ದೇವತೆಗಳ ಜಗಳ. ಮೂರನೇದು ಹದಿನಾಲ್ಕು ತಲೆಮಾರಿನ ರಾಜವಂಶ. ಹೊಳೆ ಸಿಕ್ಕಿದ್ದು 61ನೇ ಪುಟದಲ್ಲಿ, ಯಾವನೋ ರಾಜ ಅದರಲ್ಲಿ ಮುಳುಗಿ ಸತ್ತ ಪ್ರಸಂಗದಲ್ಲಿ. ಅಂಬಿಗರು ಸಿಕ್ಕಿದ್ದು 140ರಲ್ಲಿ. ಬಾಡಿಗೆ ಎಲ್ಲೂ ಇಲ್ಲ. ಮದ್ದೂರು ವಡೆ ಖಾಲಿಯಾಯ್ತು, ಕಾಫಿ ಆರಿ ಕೆನೆ ಕಟ್ತು, ಒಬ್ಬ ಫೋನ್ ತೆಗೆದು ಮ್ಯಾಚ್ ಸ್ಕೋರ್ ನೋಡ್ತಾ ಕೂತ. ಕೊನೆಗೆ ಸಾಹೇಬರ ಅಪ್ಪಣೆ: "ಎರಡು ಕಾಸು ಅಂತ ಇಟ್ಕೊಳ್ರೋ."

ಎರಡು ವರ್ಷ ದುಡಿದು ಕೊನೆಗೆ ಇಟ್ಕೊಳ್ರೋ!

ಮೆಜೆಸ್ಟಿಕ್‌ನಲ್ಲಿ ಇಳಿದವನು ಬನಶಂಕರಿ ಬಸ್ ಯಾವ ಪ್ಲಾಟ್‌ಫಾರ್ಮ್ ಅಂತ ಕೇಳಿದ್ರೆ, "1537ರಲ್ಲಿ ಕೆಂಪೇಗೌಡರು..." ಅಂತ ಶುರು ಮಾಡ್ತೀರಾ? ಲೋಕ ಹುಟ್ಟಿದ ಕ್ರಮ ಬೇರೆ, ಆಟದ ಮಧ್ಯೆ ಕೈ ಹುಡುಕೋ ಕ್ರಮ ಬೇರೆ. ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ, ವಂಶಾನುಚರಿತ ಅಂತ ಪುರಾಣಕ್ಕೆ ಐದು ಲಕ್ಷಣ. ಐದೂ ಇವರ ಪುಸ್ತಕದಲ್ಲಿವೆ. ನಮಗೆ ಬೇಕಿದ್ದದ್ದು ಗೆಜೆಟಿಯರ್ ಸ್ವಾಮಿ, ಊರು-ಸೀಮೆಗಳ ವಿವರ ಹುಡುಕೋ ಕೈಪಿಡಿ.

ಬಿ. ಎಲ್. ರೈಸ್ ಅಂದ್ರೆ ನಮಗೆಲ್ಲ ಶಾಸನಗಳೇ ನೆನಪಾಗೋದು. ಅವರ ಮೈಸೂರು ಗೆಜೆಟಿಯರ್‌ನ 1897ರ ಆವೃತ್ತಿ ಒಮ್ಮೆ ತೆಗೆದು ನೋಡಿ. ಎರಡು ಸಂಪುಟ. ಇಡೀ ನಾಡಿಗೆ ಸೇರಿದ ಇತಿಹಾಸ, ಇತ್ಯಾದಿ ಮೊದಲನೇದಕ್ಕೆ. ಎರಡನೇದು ಜಿಲ್ಲಾವಾರು, ಜಿಲ್ಲೆ ಒಳಗೆ ಊರುಗಳು ಅಕ್ಷರಕ್ರಮದಲ್ಲಿ. 1980ರಲ್ಲಿ ಈ ಆಟ ಹುಟ್ಟುಹಾಕಿದವರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ ತನ್ನ ಗ್ರೇಹಾಕ್ ಲೋಕವನ್ನ ಅಚ್ಚು ಹಾಕಿಸಿದಾಗಲೂ ರಾಜ್ಯಗಳನ್ನ ಅಕ್ಷರಕ್ರಮದಲ್ಲೇ ಜೋಡಿಸಿದ್ದ. 32 ಪುಟದ ಪುಸ್ತಿಕೆ, ಎರಡು ದೊಡ್ಡ ಮ್ಯಾಪು, ಮುಗೀತು. ನನ್ನ ಕೇಳಿದ್ರೆ ರೈಸ್ ದಾರಿಯೇ ವಾಸಿ. ಬರೀ ಅಕ್ಷರಕ್ರಮ ಇಟ್ರೆ ಪಕ್ಕದ ಊರಿಗೆ ನಡೆದು ಹೋಗೋಕೆ ಐವತ್ತು ಪುಟ ಹಾರಬೇಕು. ಮೊದಲು ಸೀಮೆ, ಆಮೇಲೆ ಅಕ್ಷರ. ('ಕ್ಷ'ದಲ್ಲಿ ಶುರುವಾಗೋ ಊರನ್ನ 'ಕ'ದಲ್ಲಿ ಹುಡುಕಬೇಕೋ 'ಳ' ಆದ ಮೇಲೋ ಅಂತ ಅಲ್ಲೇ ಒಂದು ಜಗಳ ಆಯ್ತು, ಅದು ಬೇರೆ ಕಥೆ.)

ಇನ್ನೊಂದು ಉರಿ. ಡಿಎಂ ಮಾತ್ರ ನೋಡಬೇಕಾದ ಗುಟ್ಟು, ಆಡೋರಿಗೆ ತಿಳಿದಿರಬೇಕಾದ ಸಂಗತಿ, ಎರಡೂ ಒಂದೇ ಪ್ಯಾರಾದಲ್ಲಿ! "ನೀನೇ ಹುಡುಕಿ ಕೊಡೋ" ಅಂತ ನನ್ನ ಕೈಗೆ ಪುಸ್ತಕ ಕೊಟ್ರು. ಊರ ಹೆಸರು, ಮನೆ ಎಷ್ಟು, ಸಂತೆ ಯಾವತ್ತು, ಮೂರನೇ ಸಾಲಲ್ಲಿ "ಇಲ್ಲಿನ ಅರ್ಚಕನೇ ಮಾರುವೇಷದ ರಾಕ್ಷಸ." ಇನ್ನು ಆ ಗುಡಿಗೆ ಹೋದಾಗ ನಾನು ಯಾವ ಮುಖ ಇಟ್ಕೊಂಡು ತೀರ್ಥ ತಗೊಳ್ಳಲಿ?

ಗೊತ್ತು, ಕಾಮೆಂಟಲ್ಲಿ ಬರ್ತೀರಿ. "ಇಂಥ ಪುಸ್ತಕ ಆಡೋಕಷ್ಟೇ ಅಲ್ಲ, ಓದೋಕೂ ಚೆನ್ನಾಗಿರಬೇಡ್ವಾ?" ಇರಲಿ ಬಿಡಿ. ಬರೀ ಓದಿಸೋದಾದ್ರೆ ಕಾದಂಬರಿ ಬರೀಬಹುದಿತ್ತಲ್ಲ, ಐದು ಜನರನ್ನ ಕೂರಿಸಿ ಕೈಗೆ ಡೈಸ್ ಯಾಕೆ ಕೊಟ್ರಿ? "ಅಷ್ಟು ದೊಡ್ಡ ಲೋಕ, ಚಿಕ್ಕದಾಗಿ ಹೇಳೋಕಾಗಲ್ಲ" ಅನ್ನೋರಿಗೆ ಒಂದು ಮಾತು. 2002ರಲ್ಲಿ ಈ ಆಟ ಪ್ರಕಟಿಸೋ ಕಂಪನಿ ವಿಜರ್ಡ್ಸ್ ಆಫ್ ದ ಕೋಸ್ಟ್ ಹೊಸ ಲೋಕಕ್ಕಾಗಿ ಸ್ಪರ್ಧೆ ಇಟ್ಟಾಗ ಮೊದಲ ಸುತ್ತಿಗೆ ಕೇಳಿದ್ದು ಒಂದೇ ಒಂದು ಪುಟ. ಅದರಲ್ಲಿ ಗೆದ್ದ ಕೀತ್ ಬೇಕರ್‌ನ ಎಬೆರಾನ್ ದಪ್ಪ ಪುಸ್ತಕವಾಗಿ ಬಂದಿದ್ದು 2004ರಲ್ಲಿ.

ಇಷ್ಟೆಲ್ಲ ಕೂಗಾಡ್ತಿರೋನ ಅಟ್ಟದ ಮೇಲೂ ಒಂದು ಟ್ರಂಕಿದೆ. ನಿನ್ನೆ ರಾತ್ರಿ ಹೆಂಡತಿ ಬೈತಿದ್ರೂ ಇಳಿಸಿದೆ. ಕಾಲೇಜು ದಿನಗಳ ನಾಲ್ಕು ನೋಟ್‌ಬುಕ್ಕು, ನನ್ನದೇ ಲೋಕ. ಮೊದಲ ಪುಟ: "ಆದಿಯಲ್ಲಿ ಕತ್ತಲೆಯಿತ್ತು." ಇಪ್ಪತ್ತೊಂದು ತಲೆಮಾರು. ಸಾಹೇಬರಿಗಿಂತ ಏಳು ಜಾಸ್ತಿ. ಹಸಿರು ಇಂಕಲ್ಲಿ, ರಾಣಿಯರ ತವರುಮನೆ ಸಮೇತ. ಒಬ್ಬನೇ ಒಬ್ಬ ಆಟಗಾರ ಒಬ್ಬ ರಾಜನ ಹೆಸರೂ ಕೇಳಿದ್ದು ನೆನಪಿಲ್ಲ. ಹನ್ನೆರಡು ಗಂಟೆವರೆಗೂ ಕೂತು ಓದಿದೆ, ಏನ್ ಚೆನ್ನಾಗಿದೆ ಅಂತೀರಿ! ದೋಣಿ ಬಾಡಿಗೆ ಅದರಲ್ಲೂ ಇಲ್ಲ.

ಬೆಳಗ್ಗೆ ಸಾಹೇಬರ ಮೆಸೇಜ್ ಬಂದಿತ್ತು. "ನೀನು ಹೇಳಿದ್ದು ಸರಿ ಕಣೋ. ದೋಣಿ ಬಾಡಿಗೆ ಸೇರಿಸಿದೀನಿ. ಪುಟ 213."