ಕಲಿಸುವ ಸಿಸ್ಟರ್‌ಗೆ ಥ್ಯಾಂಕ್ಸ್ ಹೇಳುವುದಾದರೆ ಡ್ಯೂಟಿ ರೋಸ್ಟರ್‌ನಲ್ಲಿ ಹೇಳಿ

ಮೇ 12 ಬಂದರೆ ದಾದಿಯರ ದಿನ. ಹೂಗುಚ್ಛ, ಗ್ರೂಪ್ ಫೋಟೋ, ಒಂದು ಭಾಷಣ. ಬೇಡ ಅಂತಲ್ಲ, ಮಾಡಿ. ಆದರೆ ಹೊಸಬರನ್ನು ಪಕ್ಕದಲ್ಲಿಟ್ಟುಕೊಂಡು ವಾರಗಟ್ಟಲೆ ಕೆಲಸ ಕಲಿಸುವ ನರ್ಸ್‌ಗೆ ಸಲ್ಲಬೇಕಾದ ಮೊದಲ ಮರ್ಯಾದೆ ಇರುವುದು, ಯಾರಿಗೆ ಯಾವ ಶಿಫ್ಟ್, ಯಾವ ಕೆಲಸ ಅಂತ ಬರೆಯುವ ಡ್ಯೂಟಿ ರೋಸ್ಟರ್‌ನಲ್ಲಿ.

ಕಲಿಸುವುದು ಅಂದರೆ ಏನು ಅಂತ ಹತ್ತಿರದಿಂದ ನೋಡಿ. ಹೊಸದಾಗಿ ಸೇರಿದ ಹುಡುಗಿ ಕ್ಯಾನುಲಾ (ಡ್ರಿಪ್, ಇಂಜೆಕ್ಷನ್ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕುತ್ತಿದ್ದಾಳೆ. ಸೂಜಿ ಒಳಗೆ ಹೋಗಿದೆ, ಅದರ ಹಿಂಬದಿಯ ಪುಟ್ಟ ಚೇಂಬರ್‌ನಲ್ಲಿ ರಕ್ತ ಕಾಣಿಸಿದೆ. ಆ ಖುಷಿಯಲ್ಲಿ ಸೂಜಿಯ ಕೋನ ತಗ್ಗಿಸದೆ ಹಾಗೇ ಮುಂದೆ ತಳ್ಳಿದರೆ ರಕ್ತನಾಳದ ಆಚೆ ಗೋಡೆಗೂ ತೂತು. ತೋಳಿಗೆ ಬಿಗಿದ ಪಟ್ಟಿ, ಅಂದರೆ ಟೂರ್ನಿಕೆಟ್, ಬಿಚ್ಚುವ ಮೊದಲೇ ಸೂಜಿ ಹೊರಗೆಳೆದರೆ ರಕ್ತ ಹಾಸಿಗೆಗೆ ಹರಿದು ರೋಗಿ ಗಾಬರಿ. ಪಕ್ಕದಲ್ಲಿರುವ ಸೀನಿಯರ್ "ಸ್ವಲ್ಪ ತಗ್ಗಿಸು" ಅಂತ ಮೆಲ್ಲಗೆ ಹೇಳಿ, ಟೂರ್ನಿಕೆಟ್ ಮೇಲೆ ಬೆರಳಿಟ್ಟು ಕಾಯುತ್ತಾರೆ. ತಾವೇ ಹಾಕಿದ್ದರೆ ಎರಡು ನಿಮಿಷದ ಕೆಲಸ. ಗೊತ್ತಿದ್ದೂ ಕೈ ಹಾಕದೆ ನಿಲ್ಲುವುದಿದೆಯಲ್ಲ, ಅದು ಸುಲಭವಲ್ಲ. ತಪ್ಪಾದರೂ ರೋಗಿಯ ಎದುರು ಒಂದು ಮಾತಾಡುವುದಿಲ್ಲ, ಆಮೇಲೆ ಟ್ರೀಟ್‌ಮೆಂಟ್ ರೂಮಿನಲ್ಲಿ ಕೂರಿಸಿ ಹೇಳುತ್ತಾರೆ.

ಇಡೀ ಶಿಫ್ಟ್ ಹೀಗೇ ನಿಧಾನವಾಗುತ್ತದೆ. ರೋಗಿ, ಔಷಧಿ, ಡೋಸ್, ಕೊಡುವ ಮಾರ್ಗ, ಸಮಯ, ಈ ಐದನ್ನೂ ಪ್ರತಿ ಹಾಸಿಗೆಯ ಬಳಿ ಬಾಯಿಬಿಟ್ಟು ಹೇಳಿಸಬೇಕು. ಇನ್ಸುಲಿನ್ ಸಿರಿಂಜಿನ ಗೆರೆಯನ್ನು ಇಬ್ಬರೂ ಬೇರೆಬೇರೆಯಾಗಿ ಓದಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ಯಾವತ್ತೂ ರಕ್ತನಾಳಕ್ಕೆ ನೇರವಾಗಿ ಪುಶ್ ಮಾಡಬಾರದು, ಹೃದಯವೇ ನಿಂತುಬಿಡಬಹುದು ಅನ್ನುವುದನ್ನು ಆಂಪೂಲ್ ಕೈಯಲ್ಲಿ ಹಿಡಿಸಿಯೇ ಹೇಳಬೇಕು. ರಕ್ತ ಕೊಡಲು ಶುರುಮಾಡಿದರೆ ಮೊದಲ 15 ನಿಮಿಷ ಅಲ್ಲಿಂದ ಕದಲುವಂತಿಲ್ಲ, ಗಂಭೀರ ರಿಯಾಕ್ಷನ್‌ಗಳು ಹೆಚ್ಚಾಗಿ ಆಗಲೇ ತಲೆ ಎತ್ತುವುದು.

ಎಡವಟ್ಟಾಗುವುದು ಎಲ್ಲಿ ಅಂದರೆ, ಹೊಸಬಳನ್ನು ಮೊದಲ ದಿನದಿಂದಲೇ ಪೂರ್ತಿ ಸ್ಟಾಫ್ ಅಂತ ಲೆಕ್ಕಕ್ಕೆ ಹಿಡಿಯುವುದರಲ್ಲಿ. "ಇಬ್ಬರಿದ್ದೀರಲ್ಲ, ಇನ್ನಿಬ್ಬರು ರೋಗಿಗಳನ್ನು ನೋಡಿಕೊಳ್ಳಿ" ಅಂದುಬಿಡುತ್ತಾರೆ. ಆಗ ಸೀನಿಯರ್ ಗಡಿಬಿಡಿಯಲ್ಲಿ ಎಲ್ಲವನ್ನೂ ತಾವೇ ಮಾಡಿ ಮುಗಿಸುತ್ತಾರೆ, ಹೊಸಬಳು ಟ್ರೇ ಹಿಡಿದು ನಿಲ್ಲುತ್ತಾಳೆ. ತಿಂಗಳ ಕೊನೆಗೆ ಚೆಕ್‌ಲಿಸ್ಟ್ ತುಂಬ ಸಹಿ ಇರುತ್ತದೆ, ಕೈಗೆ ಮಾತ್ರ ಕೆಲಸ ಹತ್ತಿರುವುದಿಲ್ಲ. ಕೊನೆಗೆ ಮಾತು ಬರುವುದು ಮಾತ್ರ ಕಲಿಸಿದವರ ಮೇಲೆ. ಇದು ಅನ್ಯಾಯ.

ನಿಜವಾಗಿ ಮೆಚ್ಚುಗೆ ತೋರಿಸಬೇಕೆಂದಿರುವ ವಾರ್ಡ್ ಇನ್‌ಚಾರ್ಜ್‌ಗಳು ಕಲಿಸುವವರ ಹೊರೆ ಇಳಿಸಲಿ. ಆರು ರೋಗಿಗಳನ್ನು ನೋಡುವವರಿಗೆ ಮೊದಲ ವಾರಗಳಲ್ಲಿ ನಾಲ್ವರು ಸಾಕು. ಇಬ್ಬರಿಗೂ ಒಂದೇ ಶಿಫ್ಟ್ ಹಾಕಿ. ದಿನಕ್ಕೊಬ್ಬರು ಕಲಿಸಿದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. ಶಿಫ್ಟ್ ಮುಗಿಯುವ ಮೊದಲು 15 ನಿಮಿಷ ಇಬ್ಬರೂ ಕೂತು ಮಾತಾಡಲಿ, ಅಷ್ಟು ಹೊತ್ತು ಕಾಲ್ ಬೆಲ್ ಬೇರೆಯವರು ನೋಡಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬಳ ತರಬೇತಿ ಮುಗಿದ ಮರುದಿನವೇ ಇನ್ನೊಬ್ಬಳನ್ನು ತಂದು ಕಟ್ಟಬೇಡಿ. ಚೆನ್ನಾಗಿ ಕಲಿಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ ವರ್ಷವಿಡೀ ಅವರ ಹೆಗಲಿಗೇ ಹಾಕಿದರೆ ಅವರು ಬೇಸತ್ತು ಹೋಗುತ್ತಾರೆ. ಹೆಚ್ಚುವರಿ ಭತ್ಯೆ ಸಂಬಳದ ಚೀಟಿಯಲ್ಲೇ ಬರಲಿ.

ಇನ್ನು ಕಲಿತವರಿಗೆ ಒಂದು ಮಾತು. "ಎಲ್ಲಕ್ಕೂ ಥ್ಯಾಂಕ್ಸ್ ಸಿಸ್ಟರ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೂರು ಸಾಲು ಬರೆಯಿರಿ: ಯಾವ ಸಂದರ್ಭ, ಅವರು ಏನು ಮಾಡಿದರು, ಅದರಿಂದ ನೀವು ಈಗ ಏನು ಮಾಡುತ್ತೀರಿ. "ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸು ಅಂತ ಪಕ್ಕದಲ್ಲೇ ನಿಂತು ಎಣಿಸಿಸಿದಿರಿ, ಈಗ ಅಂದಾಜಿಗೆ ಬರೆಯಲು ಕೈ ಬರುವುದಿಲ್ಲ", ಇಷ್ಟು ಸಾಕು. ತರಬೇತಿ ಮುಗಿದ ದಿನ ಒಂದು, ಆರು ತಿಂಗಳ ನಂತರ ಇನ್ನೊಂದು, ಏಕೆಂದರೆ ಕೆಲವು ಪಾಠಗಳ ಬೆಲೆ ಒಬ್ಬರೇ ರಾತ್ರಿ ಡ್ಯೂಟಿ ಮಾಡಿದ ಮೇಲೆ ತಿಳಿಯುವುದು. ಒಂದು ಪ್ರತಿಯನ್ನು ಇನ್‌ಚಾರ್ಜ್ ಕೈಗೆ ಕೊಡಿ, ಕಲಿಸಿದವರ ವಾರ್ಷಿಕ ಮೌಲ್ಯಮಾಪನದ ಫೈಲಿಗೆ ಸೇರಲಿ.